ಲಸಿಕೆ ಕೊಟ್ಟ ಕೋತಿಮರಿಗಳಿಗೆ ಆಟಿಸಂ ಬಂದಿತ್ತೇ?

“ಲಸಿಕೆ ಕೊಟ್ಟಾಗ ಕೋತಿಮರಿಗಳ ಮೆದುಳೇ ಬದಲಾಯಿತು, ಇನ್ನು ನಮ್ಮ ಮಕ್ಕಳ ಗತಿ ಏನು?” ಲಸಿಕೆ ವಿರೋಧಿಗಳ ಈ ವಾದಕ್ಕೆ ಆಧಾರ 2010ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ. ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಪಡೆದ ರೀಸಸ್ ಕೋತಿಮರಿಗಳಲ್ಲಿ ಅಮಿಗ್ಡಲಾ, ಅಂದರೆ ಭಯ ಮತ್ತು ಭಾವನೆಗಳಿಗೆ ಸಂಬಂಧಿಸಿದ ಮೆದುಳಿನ ಭಾಗ, ಬೇರೆ ರೀತಿ ಬೆಳೆಯಿತು ಎಂದು ಅದು ಹೇಳಿತ್ತು.

ತೊಂದರೆ ಇರುವುದು ಹೋಲಿಕೆಯಲ್ಲಿ. ಲಸಿಕೆ ಪಡೆಯದ ಮರಿಗಳು ಅಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದವು. ಒಂದೇ ತಾಯಿಯ ಮಕ್ಕಳಲ್ಲೂ ಒಬ್ಬರ ತಲೆ ದೊಡ್ಡದು, ಇನ್ನೊಬ್ಬರದು ಚಿಕ್ಕದು ಇರುತ್ತದಲ್ಲವೇ? ಮೆದುಳಿನ ಭಾಗಗಳೂ ಹಾಗೆಯೇ. ಗುಂಪು ಅಷ್ಟು ಚಿಕ್ಕದಾದರೆ ಒಂದೇ ಮರಿಯ ಅಳತೆ ಇಡೀ ಸರಾಸರಿಯನ್ನು ಎಳೆದುಬಿಡುತ್ತದೆ. ಅದನ್ನು ಲಸಿಕೆಯ ಪರಿಣಾಮ ಎನ್ನಲು ಬರುವುದಿಲ್ಲ.

ಹಾಗಾದರೆ ದೊಡ್ಡ ಗುಂಪಿನಲ್ಲಿ ನೋಡಿದರೆ? ನೋಡಿದ್ದಾರೆ. 2015ರಲ್ಲಿ ‘ಪಿಎನ್‌ಎಎಸ್’ ವಿಜ್ಞಾನ ಪತ್ರಿಕೆಯಲ್ಲಿ 79 ಗಂಡು ಕೋತಿಮರಿಗಳ ಅಧ್ಯಯನ ಬಂತು. ಕೆಲವಕ್ಕೆ 1990ರ ದಶಕದ ಅಮೆರಿಕದ ಲಸಿಕಾ ಪಟ್ಟಿಯಂತೆ, ಕೆಲವಕ್ಕೆ 2008ರ ಪಟ್ಟಿಯಂತೆ ಚುಚ್ಚುಮದ್ದು ಕೊಟ್ಟರು. ಕೆಲವಕ್ಕೆ ಎಂಎಂಆರ್ ಮಾತ್ರ, ಇನ್ನು ಕೆಲವಕ್ಕೆ ಪಾದರಸದ ಸಂಯುಕ್ತವಾದ ಥಯೋಮರ್ಸಾಲ್ ಇರುವ ಲಸಿಕೆಗಳು ಮಾತ್ರ. ಒಂದು ಗುಂಪಿಗೆ ಬರೀ ಉಪ್ಪುನೀರು. ಕೋತಿಗಳು ಮನುಷ್ಯರಿಗಿಂತ ಬೇಗ ಬೆಳೆಯುವುದರಿಂದ ಡೋಸ್‌ಗಳ ನಡುವಿನ ಅಂತರವನ್ನೂ ತಗ್ಗಿಸಿದ್ದರು.

ಮರಿಗಳ ಆಟ, ಒಡನಾಟ, ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ಅಭ್ಯಾಸ ಎಲ್ಲವನ್ನೂ ಗಮನಿಸಿದರು. ಕೊನೆಗೆ ಅನುಮೆದುಳು, ಹಿಪ್ಪೊಕ್ಯಾಂಪಸ್ ಮತ್ತು ಅದೇ ಅಮಿಗ್ಡಲಾದ ಜೀವಕೋಶಗಳನ್ನು ಪರೀಕ್ಷಿಸಿದರು. ಆಟಿಸಂ ಹೋಲುವ ವರ್ತನೆಯಾಗಲಿ, ಮೆದುಳಿನ ಬದಲಾವಣೆಯಾಗಲಿ ಕಾಣಲಿಲ್ಲ. ಅಂದಹಾಗೆ, ಈ ಅಧ್ಯಯನಕ್ಕೆ ಹಣ ಕೊಟ್ಟವರಲ್ಲಿ ‘ಸೇಫ್‌ಮೈಂಡ್ಸ್’ ಕೂಡ ಇತ್ತು. ಲಸಿಕೆಯಲ್ಲಿನ ಪಾದರಸಕ್ಕೂ ಆಟಿಸಂಗೂ ನಂಟಿದೆ ಎಂದು ವಾದಿಸುತ್ತಿದ್ದ ಸಂಸ್ಥೆ ಅದು!

ಥಯೋಮರ್ಸಾಲ್ ನಮಗೂ ದೂರದ ವಿಷಯವಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಶಿಶುಗಳಿಗೆ ಹಾಕುವ ಪೆಂಟಾವೇಲೆಂಟ್ ಲಸಿಕೆಯ ಬಹುಡೋಸ್ ಬಾಟಲಿಗಳಲ್ಲಿ ಇದು ಇರುತ್ತದೆ. ಒಂದೇ ಬಾಟಲಿಗೆ ಹಲವು ಬಾರಿ ಸೂಜಿ ಇಳಿಸುವಾಗ ಒಳಗೆ ಬ್ಯಾಕ್ಟೀರಿಯಾ, ಶಿಲೀಂಧ್ರ ಬೆಳೆಯದಂತೆ ಇದು ತಡೆಯುತ್ತದೆ. ಇದರಿಂದ ಬರುವುದು ಈಥೈಲ್ ಪಾದರಸ. ಕಲುಷಿತ ಮೀನಿನಲ್ಲಿರುವ ಮೀಥೈಲ್ ಪಾದರಸಕ್ಕಿಂತ ಬೇಗ ರಕ್ತದಿಂದ ಇಳಿದುಹೋಗುತ್ತದೆ.

ಕೋತಿಗಳು ಮಾತಾಡುವುದಿಲ್ಲ, ಆಟಿಸಂನ ಎಲ್ಲ ಲಕ್ಷಣಗಳನ್ನು ಅವುಗಳಲ್ಲಿ ಹುಡುಕಲಾಗದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಮಕ್ಕಳ ಮೇಲಿನ ಅಧ್ಯಯನಗಳಿಗೇ ಹೆಚ್ಚು ತೂಕ. ಡೆನ್ಮಾರ್ಕ್‌ನಲ್ಲಿ 1999ರಿಂದ 2010ರ ನಡುವೆ ಹುಟ್ಟಿದ 6,57,461 ಮಕ್ಕಳ ದಾಖಲೆ ಪರಿಶೀಲಿಸಿದಾಗ, ಎಂಎಂಆರ್ ಪಡೆದವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ಅಣ್ಣ ಅಥವಾ ಅಕ್ಕನಿಗೆ ಆಟಿಸಂ ಇದ್ದ ಮಕ್ಕಳಲ್ಲೂ ಫಲಿತಾಂಶ ಅದೇ ಆಗಿತ್ತು.