ಹೊಲಿದ ಟೆಂಡನ್ ಒಳಗೇ ಅಂಟಿಕೊಳ್ಳದಿರಲು

ಹೋದ ವಾರದ ಮಾತಿನ ಬರಹ ರೂಪ ಇದು. ನಾನು ಡಾಕ್ಟರಲ್ಲ, ನೋಯ್ಡಾದಲ್ಲಿ ಕೋಡ್ ಬರೆಯೋನು. ಆದ್ರೆ ನಮ್ಮನೆಯಲ್ಲಿ ಮೂರು ತಿಂಗಳು ಇದೇ ಮಾತು ನಡೀತು.

ಆಗಸ್ಟ್ 15ರ ಸುಮಾರಿಗೆ ದೆಹಲಿ ಆಕಾಶದ ತುಂಬಾ ಗಾಳಿಪಟ. ಚೀನೀ ಮಾಂಜಾ ಅನ್ನೋ ನೈಲಾನ್ ದಾರವನ್ನು 2017ರಲ್ಲೇ ನಿಷೇಧಿಸಿದ್ದಾರೆ, ಆದ್ರೂ ಸಿಗುತ್ತೆ. ಸ್ಕೂಟರಲ್ಲಿ ಹೋಗ್ತಿದ್ದ ನನ್ನ ಭಾವಮೈದ ಕುತ್ತಿಗೆಗೆ ಬಂದ ದಾರವನ್ನ ಕೈಯಲ್ಲಿ ತಡೆದ. ಕುತ್ತಿಗೆ ಉಳೀತು, ತೋರುಬೆರಳ ಬುಡದಲ್ಲಿ ಎರಡೂ ಟೆಂಡನ್ ತುಂಡಾದ್ವು. ಅದೇ ದಿನ ಆಪರೇಷನ್ ಆಯ್ತು.

ಹಾಸನದಿಂದ ನಮ್ಮತ್ತೆ ಫೋನಲ್ಲಿ, "ಕೈ ಅಲ್ಲಾಡಿಸ್ಬೇಡ ಕಣೋ, ಹೊಲಿಗೆ ಬಿಚ್ಚುತ್ತೆ" ಅಂತಿದ್ರು. ಫಿಸಿಯೋ ಮಾತ್ರ ನಾಲ್ಕನೇ ದಿನವೇ ಬೆರಳು ಮಡಚಿಸೋಕೆ ಶುರು ಮಾಡಿದ್ರು. ಇಬ್ಬರ ಮಾತಲ್ಲೂ ನಿಜ ಇದೆ.

ಲಾಡಿ ಹಾಕಿದ ಪೈಜಾಮ ನೆನೆಸಿಕೊಳ್ಳಿ. ಟೆಂಡನ್ ಲಾಡಿ, ಸುತ್ತಲಿನ ಪೊರೆ ಅದರ ಕೊಳವೆ. ಲಾಡಿ ಹೊಲಿಯುವಾಗ ಬಟ್ಟೆಯೂ ಸೇರಿ ಹೊಲಿದುಹೋದ್ರೆ? ಎಳೆದ್ರೂ ಜಾರಲ್ಲ. ದೇಹ ಗಾಯ ಕೂಡಿಸುವಾಗ ಹೀಗೇ ಮಾಡುತ್ತೆ: ಟೆಂಡನ್ನನ್ನೂ ಪೊರೆಯನ್ನೂ ಬೇರೆ ಬೇರೆ ಅಂತ ನೋಡದೆ ಒಟ್ಟಿಗೆ ಅಂಟಿಸಿಬಿಡುತ್ತೆ. ಬೆರಳ ಬುಡದಲ್ಲಿ ಒಂದೇ ಕಿರಿದಾದ ಕೊಳವೆಯೊಳಗೆ ಎರಡು ಟೆಂಡನ್ ಇರೋದ್ರಿಂದ ಅಲ್ಲಿ ಅಪಾಯ ಜಾಸ್ತಿ. ಹಿಂದಿನ ಸರ್ಜನ್ನರು ಆ ಜಾಗವನ್ನ 'ನೋ ಮ್ಯಾನ್ಸ್ ಲ್ಯಾಂಡ್' ಅಂತಿದ್ರು, ತಕ್ಷಣ ಹೊಲಿಯೋಕೇ ಹಿಂಜರೀತಿದ್ರು.

1960ರ ದಶಕದಲ್ಲಿ ಅಮೆರಿಕದ ಕ್ಲೈನರ್ಟ್ ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಬೆರಳು ಆಡಿಸಿದ್ರು. 1975ರಲ್ಲಿ ಡುರಾನ್ ಮತ್ತು ಹೌಸರ್, ಟೆಂಡನ್ 3ರಿಂದ 5 ಮಿಲಿಮೀಟರ್ ಜಾರಿದ್ರೂ ಗಟ್ಟಿಯಾಗಿ ಅಂಟೋದು ತಪ್ಪುತ್ತೆ ಅಂದ್ರು. ಅಷ್ಟೇ, ಒಂದು ಅಕ್ಕಿಕಾಳಿನ ಉದ್ದ! ಈಗ ನಾಲ್ಕು ಅಥವಾ ಹೆಚ್ಚು ಎಳೆಯ ಹೊಲಿಗೆ ಇದ್ರೆ ರೋಗಿಯೇ ಮೆಲ್ಲಗೆ ಮಡಚಬಹುದು, ಆದ್ರೆ ಎಷ್ಟು ಅಂತ ಹೇಳೋದು ಹೊಲಿದ ಸರ್ಜನ್ನೇ.

ಅತ್ತೆಯ ಭಯ ಸುಳ್ಳಲ್ಲ. ಮೊದಲ ಕೆಲವು ವಾರ ಹೊಲಿಗೆ ತುಂಬಾ ದುರ್ಬಲ. ಅದಕ್ಕೇ ಕೈಹಿಂದೆ ಸ್ಪ್ಲಿಂಟ್, ಸಾಮಾನ್ಯವಾಗಿ ಆರು ವಾರ. ಅದರೊಳಗೇ ಇನ್ನೊಂದು ಕೈಯಿಂದ ಬೆರಳನ್ನ ಮೆಲ್ಲಗೆ ಮಡಚೋದು, ಬಿಡಿಸೋದು ಸ್ಪ್ಲಿಂಟ್ ತಾಗುವಷ್ಟೇ. ನೀರಿನ ಬಕೆಟ್ ಹಿಡಿಯೋದು, ಬೆರಳನ್ನ ಎಳೆದು ನೆಟ್ಟಗೆ ಮಾಡೋದು ಬೇಡವೇ ಬೇಡ. ಕೈ ಎದೆಗಿಂತ ಮೇಲಿರಲಿ. ಊತ ಹೆಚ್ಚಿದಷ್ಟೂ ಟೆಂಡನ್ ಜಾರೋದು ಕಷ್ಟ. ಗಾಯ ಪೂರ್ತಿ ಮುಚ್ಚಿದ ಮೇಲೆ, ಫಿಸಿಯೋ ತೋರಿಸಿದ ಹಾಗೆ ಕಲೆಯ ಮೇಲೆ ಮಸಾಜ್.

ಇನ್ನೊಂದು ಕೈಯಿಂದ ಮಡಚಿದ್ರೆ ಪೂರ್ತಿ ಮಡಚುತ್ತೆ, ತಾನಾಗಿ ಮಡಚಿದ್ರೆ ಅರ್ಧಕ್ಕೇ ನಿಲ್ಲುತ್ತೆ ಅಂದ್ರೆ ಅಂಟಿಕೊಂಡಿರೋ ಲಕ್ಷಣ. ಇದ್ದಕ್ಕಿದ್ದಂತೆ ಮಡಚೋದೇ ನಿಂತ್ರೆ ಹೊಲಿಗೆ ಹರಿದಿರಬಹುದು, ಅವತ್ತೇ ಸರ್ಜನ್ ಹತ್ರ ಓಡಿ. ತಿಂಗಳುಗಟ್ಟಲೆ ವ್ಯಾಯಾಮ ಮಾಡಿದ್ರೂ ಬಿಡದಿದ್ದರೆ ಟೆನೋಲೈಸಿಸ್ ಅನ್ನೋ ಇನ್ನೊಂದು ಆಪರೇಷನ್ ಇದೆ. ಅದಾದ ತಕ್ಷಣ ಮತ್ತೆ ಬೆರಳು ಆಡಿಸಲೇಬೇಕು.

ನಮ್ಮ ಹುಡುಗ ಈಗ ಮುಷ್ಟಿ ಕಟ್ತಾನೆ, ತುದಿ ಗೆಣ್ಣು ಮಾತ್ರ ಸ್ವಲ್ಪ ಹಟ ಮಾಡುತ್ತೆ.