ಸುದ್ದಿ ಆರಿಸುವ ಕುರ್ಚಿ

ನಂಜನಗೂಡಿನ ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. 10ಕ್ಕೆ ಮದುವೆ, 14ಕ್ಕೆ ವೈಧವ್ಯ. ಮುಂದಿನ ಓದೆಲ್ಲ ತಂದೆಯ ನೆರವಿನಿಂದ ಮನೆಯೊಳಗೇ ನಡೆಯಿತು. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯ ಸಂಪಾದಕಿಯೂ ಆದರು. ಪತ್ರಿಕೆ ನಡೆಸುವುದು ಹೇಗೆಂದು ಹೇಳಿಕೊಡಲು ಅವರಿಗೆ ಯಾವ ಸುದ್ದಿಮನೆಯೂ ಇರಲಿಲ್ಲ. ಕನ್ನಡದ ಮೊದಲ ಪತ್ರಕರ್ತೆ ಎಂದು ಅವರನ್ನು ನೆನೆಯುತ್ತೇವೆ. ನನ್ನನ್ನು ಹೆಚ್ಚು ಸೆಳೆಯುವುದು ಇನ್ನೊಂದು ಸಂಗತಿ: ಬರೆದದ್ದನ್ನು ಯಾರಾದರೂ ಒಪ್ಪಲಿ ಎಂದು ಕಾಯದೆ, ಯಾವುದು ಅಚ್ಚಾಗಬೇಕೆಂದು ತೀರ್ಮಾನಿಸುವ ಜಾಗದಲ್ಲಿ ತಾವೇ ಕುಳಿತರು.

ಕಲಿಕೆಯ ಬಾಗಿಲು ತಡವಾಗಿ ತೆರೆಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಶುರುವಾದದ್ದು 1951ರಲ್ಲಿ, ನಾಡಿಗ ಕೃಷ್ಣಮೂರ್ತಿಯವರ ಶ್ರಮದಿಂದ. ಆದರೂ ಈ ಕಸುಬಿನ ಅಸಲಿ ತರಬೇತಿ ಸಿಗುವುದು ಕೆಲಸಕ್ಕೆ ಸೇರಿದ ಮೇಲೆಯೇ. ಹಿರಿಯ ಉಪಸಂಪಾದಕರು ಕಾಪಿ ತಿದ್ದುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಠಾಣೆಗೆ, ಕೋರ್ಟಿಗೆ, ತಾಲ್ಲೂಕು ಕಚೇರಿಗೆ ಯಾರ ಜೊತೆಗಾದರೂ ಹೋಗಬೇಕು. ಅಪರಾಧ, ರಾಜಕೀಯ ಹುಡುಗನಿಗೆ, ಫಲಪುಷ್ಪ ಪ್ರದರ್ಶನ ಹುಡುಗಿಗೆ ಎಂದು ಮೊದಲ ವಾರವೇ ಹಂಚಿಬಿಟ್ಟರೆ, ಹತ್ತು ವರ್ಷದ ನಂತರ ಮುಖ್ಯ ವರದಿಗಾರ ಯಾರಾಗುತ್ತಾರೆ ಎಂಬುದೂ ಅಂದೇ ನಿರ್ಧಾರವಾದಂತೆ.

ನಂಜನಗೂಡು, ಟಿ. ನರಸೀಪುರದಂಥ ತಾಲ್ಲೂಕು ಕೇಂದ್ರಗಳಲ್ಲಿ ಇಂಥ ತರಬೇತಿ ಇನ್ನೂ ಕಷ್ಟ. ಇಲ್ಲಿ ಬಹುಪಾಲು ವರದಿಗಾರರು ಅರೆಕಾಲಿಕರು. ಕಬಿನಿ ಉಕ್ಕಿದರೂ ತಿರುಮಕೂಡಲಿನಲ್ಲಿ ಕುಂಭಮೇಳ ನಡೆದರೂ ಮೊದಲು ಓಡುವವರು ಅವರೇ. ಸಂಬಳ ನೆಚ್ಚುವಂತಿಲ್ಲ, ಎಷ್ಟೋ ಕಡೆ ಜಾಹೀರಾತು ತರುವ ಹೊಣೆಯೂ ಅವರದೇ. ಮನೆಯಲ್ಲಿ ಆಸರೆ ಇದ್ದವರಷ್ಟೇ ಇಂಥ ಕೆಲಸದಲ್ಲಿ ಬಾಳುತ್ತಾರೆ. ಹೆಣ್ಣುಮಕ್ಕಳು, ಕೂಲಿಕಾರರ ಮಕ್ಕಳು ಇಲ್ಲಿ ವಿರಳವಾಗಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಬಂದ ಹೆಣ್ಣುಮಕ್ಕಳಿಗೆ ರಕ್ಷಣೆಯೂ ಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ತರಬೇತಿಯಲ್ಲಿರುವವರಿಗೂ ಗುತ್ತಿಗೆಯವರಿಗೂ ಅನ್ವಯಿಸುತ್ತದೆ. 10ಕ್ಕಿಂತ ಕಡಿಮೆ ನೌಕರರಿರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಕೆಲಸಕ್ಕೆ ಸೇರಿದ ದಿನವೇ ಇದನ್ನು ತಿಳಿಸಿಕೊಡಬೇಕು.

ಜಾತಿಯ ಪ್ರಶ್ನೆ ಇನ್ನೂ ಆಳದ್ದು. ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ಇಂಗ್ಲಿಷ್, ಹಿಂದಿ ಸುದ್ದಿಸಂಸ್ಥೆಗಳನ್ನು ಪರಿಶೀಲಿಸಿದವು. ನಾಯಕತ್ವದ 121 ಹುದ್ದೆಗಳ ಪೈಕಿ 106ರಲ್ಲಿ ಮೇಲ್ಜಾತಿಯವರಿದ್ದರು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಕನ್ನಡದಲ್ಲಿ ಒಂದು ಬೇರೆ ದಾರಿ ಕಾಣಿಸಿತ್ತು. 2012ರ ಏಪ್ರಿಲ್ 14ರ ‘ಪ್ರಜಾವಾಣಿ’ಯ ವಿಶೇಷ ಸಂಚಿಕೆಯನ್ನು ಅತಿಥಿ ಸಂಪಾದಕರಾಗಿ ರೂಪಿಸಿದವರು ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ. ಅಂದು ದಲಿತ ಬರಹಗಾರರಿಗೆ ಒಂದು ಅಂಕಣವಲ್ಲ, ಪತ್ರಿಕೆಯನ್ನೇ ರೂಪಿಸುವ ಅವಕಾಶ ಸಿಕ್ಕಿತು.

ಅದು ಒಂದು ದಿನದ ಮಾತು. ಉಳಿದ ದಿನಗಳಿಗೆ ಬೇಕಾದವರು ತಯಾರಾಗುತ್ತಲೇ ಇದ್ದಾರೆ. ಪರಿಶಿಷ್ಟ ಜಾತಿ, ಪಂಗಡಗಳ ಪತ್ರಿಕೋದ್ಯಮ ಪದವೀಧರರಿಗೆ ವಾರ್ತಾ ಇಲಾಖೆ ಅಪ್ರೆಂಟಿಸ್ ತರಬೇತಿ ಕೊಡುತ್ತದೆ. ಅವಧಿ ಮುಗಿಸಿದವರನ್ನು ಪತ್ರಿಕೆಗಳು ಡೆಸ್ಕಿಗೇ ಸೇರಿಸಿಕೊಳ್ಳಬೇಕು, ಸಂಜೆ ಮುಖಪುಟದ ಸುದ್ದಿ ಆರಿಸುವ ಸಭೆಯಲ್ಲೂ ಕೂರಿಸಬೇಕು.