ಚಕ್ಕುಬಂದಿ ಅಳಿದರೆ ಹೊಲ ಯಾರದು?

ವಿಂಡೋಸ್ 10ಕ್ಕೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಬಳಿಕವೂ ನಮ್ಮ ಮನೆಯ ಕಂಪ್ಯೂಟರು ಹಳೆಯ ತಂತ್ರಾಂಶದಲ್ಲಿಯೇ ದಿನ ದೂಡುತ್ತಿತ್ತು. ಇದು ಸಲ್ಲದೆಂದು ಒಂದು ಭಾನುವಾರ ಬೆಳಿಗ್ಗೆ ಪೆನ್‌ಡ್ರೈವ್‌ನಲ್ಲಿ ವಿಂಡೋಸ್ 11 ತುಂಬಿಕೊಂಡು, ಎಲ್ಲವನ್ನೂ ಹೊಸದಾಗಿ ಹಾಕಿಬಿಡೋಣವೆಂದು ಕುಳಿತೆ. ಭಾಷೆ, ಕೀಲಿಮಣೆ ಎಲ್ಲವನ್ನೂ ಕೇಳಿ ಮುಗಿಸಿದ ಯಂತ್ರ, ಯಾವ ಡಿಸ್ಕ್ ಎಂದು ಕೇಳುವ ಹಂತದಲ್ಲಿ ಮುಷ್ಕರ ಹೂಡಿತು. ಈ ಡಿಸ್ಕ್‌ನಲ್ಲಿ ವಿಂಡೋಸ್ ಹಾಕಲಾಗದು; ಇದರಲ್ಲಿರುವುದು ಎಂಬಿಆರ್ ಪಟ್ಟಿ, ಬೇಕಾಗಿರುವುದು ಜಿಪಿಟಿ ಎಂಬುದು ಅದರ ಸಂದೇಶದ ಸಾರಾಂಶ.

ಪರಿಚಿತ ರಿಪೇರಿ ಅಂಗಡಿಯ ಹುಡುಗನಿಗೆ ಫೋನ್ ಮಾಡಿದೆ. ‘ಅಷ್ಟೇನಾ ಸಾರ್? ಡಿಸ್ಕ್‌ಪಾರ್ಟ್ ತೆಗೆದು ಕ್ಲೀನ್ ಅಂತ ಕೊಡಿ, ಆಮೇಲೆ ಕನ್ವರ್ಟ್ ಜಿಪಿಟಿ. ಐದು ನಿಮಿಷದ ಕೆಲಸ’ ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಡಿಸ್ಕ್‌ನ ‘ಡಿ’ ಭಾಗದಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿ ಹದಿಮೂರು ವರ್ಷಗಳ ಫೋಟೊಗಳಿದ್ದವು. ತಂಗಿಯ ಮದುವೆಯಲ್ಲಿ ಅಮ್ಮ ಹಾಡಿದ ಹಸೆ ಹಾಡಿನ ಧ್ವನಿಮುದ್ರಿಕೆಯೂ ಇತ್ತು. ಅಮ್ಮ ಈಗಿಲ್ಲ. ಆ ಹಾಡಿಗೆ ಇನ್ನೊಂದು ಪ್ರತಿಯೂ ಇರಲಿಲ್ಲ.

ಏನಿದು ಎಂಬಿಆರ್? ಹೊಲ ಮನೆಗಳ ವ್ಯವಹಾರ ಬಲ್ಲವರಿಗೆ ಇದು ಕಷ್ಟದ ವಿಷಯವಲ್ಲ. ಕ್ರಯಪತ್ರದಲ್ಲಿ ಜಮೀನಿನ ಚಕ್ಕುಬಂದಿ ಬರೆದಿರುವಂತೆ, ಡಿಸ್ಕ್‌ನ ಯಾವ ಪಾಲು ಎಲ್ಲಿ ಆರಂಭವಾಗಿ ಎಲ್ಲಿಯವರೆಗೆ ಹಬ್ಬಿದೆ ಎಂಬ ವಿವರ ಡಿಸ್ಕ್‌ನ ಮೊದಲಲ್ಲೇ ಇರುತ್ತದೆ. 1983ರಲ್ಲಿ ಪಿಸಿ ಡಾಸ್ 2.0ರೊಂದಿಗೆ ಬಂದ ಎಂಬಿಆರ್ ಪದ್ಧತಿಯಲ್ಲಿ ಇದಕ್ಕಿರುವ ಜಾಗ ಕೇವಲ 512 ಬೈಟ್. ಅದರಲ್ಲಿಯೂ ಪಾಲುಪಟ್ಟಿಗೆ ಸಿಗುವುದು 64 ಬೈಟ್. ನಾಲ್ಕು ಮುಖ್ಯ ಪಾಲುಗಳಿಗಿಂತ ಹೆಚ್ಚು ಬರೆಯಲು ಸ್ಥಳವಿಲ್ಲ. ಸಾಮಾನ್ಯ ಲೆಕ್ಕದಲ್ಲಿ 2 ಟೆರಾಬೈಟ್‌ನಿಂದಾಚೆಗಿನ ಜಾಗವನ್ನು ಅದು ಗುರುತಿಸಲಾರದು. ಹಾರ್ಡ್ ಡಿಸ್ಕ್‌ಗಳನ್ನು ಮೆಗಾಬೈಟ್‌ಗಳಲ್ಲಿ ಅಳೆಯುತ್ತಿದ್ದ ಕಾಲಕ್ಕೆ ಅಷ್ಟು ಧಾರಾಳವಾಗಿ ಸಾಕಿತ್ತು. ಅದರ ಸ್ಥಾನಕ್ಕೆ ಬಂದ ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಅವಕಾಶವಿದೆ. ಪಟ್ಟಿಯ ಎರಡನೆಯ ಪ್ರತಿಯೊಂದು ಡಿಸ್ಕ್‌ನ ಕೊನೆಯಲ್ಲಿಯೂ ಇರುತ್ತದೆ.

ಸಮಸ್ಯೆಯ ಮೂಲ ನನ್ನ ಮಿತವ್ಯಯದಲ್ಲಿತ್ತು. ಕಂಪ್ಯೂಟರು 2019ರದು, ಡಿಸ್ಕ್ ಮಾತ್ರ ಅದಕ್ಕೂ ಹಿಂದಿನ ಯಂತ್ರದ್ದು. ಚೆನ್ನಾಗಿಯೇ ಇದೆಯಲ್ಲ ಎಂದು ಅದನ್ನೇ ಹೊಸದಕ್ಕೆ ಜೋಡಿಸಿಕೊಂಡಿದ್ದೆ. ಕಂಪ್ಯೂಟರು ಎಚ್ಚರಗೊಳ್ಳುವ ಕ್ರಮಗಳು ಎರಡು: ಹಳೆಯ ಬಯೋಸ್ ಕ್ರಮ ಮತ್ತು ಹೊಸ ಯುಇಎಫ್‌ಐ ಕ್ರಮ. ಹಳೆಯ ವಿಂಡೋಸ್ ಮೊದಲನೆಯ ಕ್ರಮದಲ್ಲಿ ಏಳುತ್ತಿತ್ತು, ಪೆನ್‌ಡ್ರೈವ್ ಎರಡನೆಯದರಲ್ಲಿ ಎದ್ದಿತು. ಎರಡನೆಯ ಕ್ರಮದಲ್ಲಿ ವಿಂಡೋಸ್ ಜಿಪಿಟಿ ಪಟ್ಟಿಯನ್ನೇ ಬಯಸುತ್ತದೆ. ಅಂದರೆ ಡಿಸ್ಕ್ ಕೆಟ್ಟಿರಲಿಲ್ಲ. ಪತ್ರ ಹಳೆಯ ನಮೂನೆಯಲ್ಲಿದೆ ಎಂದಷ್ಟೇ ಯಂತ್ರ ಹೇಳುತ್ತಿತ್ತು.

ಇನ್ನು ‘ಕ್ಲೀನ್’ ಎಂಬ ಆಜ್ಞೆ. ಹೆಸರು ಕೇಳಿದರೆ ಧೂಳು ಒರೆಸುವ ಕೆಲಸವೆನ್ನಿಸುತ್ತದೆ. ಅದು ಒರೆಸುವುದು ಚಕ್ಕುಬಂದಿಯನ್ನು, ಅದೂ ‘ಸಿ’ ಭಾಗದ್ದನ್ನು ಮಾತ್ರವಲ್ಲ, ಇಡೀ ಡಿಸ್ಕ್‌ನದನ್ನು. ‘ಖಚಿತವೇ?’ ಎಂದು ಒಂದು ಮಾತೂ ಕೇಳುವುದಿಲ್ಲ. ಡಿಸ್ಕ್‌ಗಳು ಅಲ್ಲಿ ಕಾಣುವುದು 0, 1, 2 ಎಂಬ ಅಂಕಿಗಳಾಗಿ, ಗಾತ್ರ ನೋಡಿಯೇ ಯಾವುದು ಯಾವುದೆಂದು ತಿಳಿಯಬೇಕು. ಪತ್ರ ಸುಟ್ಟ ಮಾತ್ರಕ್ಕೆ ಹೊಲ ಮಾಯವಾಗದಂತೆ, ಈ ಆಜ್ಞೆಯಿಂದ ಕಡತಗಳು ಆ ಕ್ಷಣವೇ ನಾಶವಾಗದಿರಬಹುದು. ಆದರೆ ಹೊಲ ಯಾರದೆಂದು ಹೇಳುವವರು ಉಳಿಯುವುದಿಲ್ಲ. ಮರುಕ್ಷಣವೇ ಅದರ ಮೇಲೆ ಹೊಸ ವಿಂಡೋಸ್ ಉತ್ತು ಬಿತ್ತಿದರೆ, ಹಳೆಯ ಬೆಳೆಯನ್ನು ಹುಡುಕಿಕೊಡುವ ಭರವಸೆಯನ್ನು ಯಾವ ತಜ್ಞನೂ ನೀಡಲಾರ.

ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮರಳಿ ಆರಂಭಿಸಿದೆ. ಏನನ್ನೂ ಅಳಿಸಿರಲಿಲ್ಲವಾದ್ದರಿಂದ ಹಳೆಯ ವಿಂಡೋಸ್ ಎಂದಿನಂತೆ ಎದ್ದಿತು. ಕಡತಗಳನ್ನು ಉಳಿಸಿಕೊಂಡು ಪಟ್ಟಿಯನ್ನಷ್ಟೇ ಬದಲಿಸುವ ಎಂಬಿಆರ್2ಜಿಪಿಟಿ ಎಂಬ ಸಾಧನ 2017ರಿಂದ ವಿಂಡೋಸ್‌ನಲ್ಲಿಯೇ ಇದೆ. ಆದರೆ ಮುಖ್ಯ ಪಾಲುಗಳು ಮೂರಕ್ಕಿಂತ ಹೆಚ್ಚಿದ್ದರೆ ಅದು ಒಪ್ಪುವುದಿಲ್ಲ. ನನ್ನ ಡಿಸ್ಕ್‌ನಲ್ಲಿ ನಾಲ್ಕಿದ್ದವು. ಹಾಗಾಗಿ ಉಳಿದದ್ದು ದೀರ್ಘದಾರಿ. ಹೊರಗಿನ ಡಿಸ್ಕ್ ಒಂದನ್ನು ತಂದು ಎಲ್ಲವನ್ನೂ ಅದಕ್ಕೆ ನಕಲಿಸಿದೆ. ಇಡೀ ಮಧ್ಯಾಹ್ನ ಅದಕ್ಕೇ ಸಂದಿತು. ನಕಲಾಯಿತು ಎಂಬ ಸೂಚನೆಯನ್ನು ನಂಬದೆ, ಕೆಲವು ಫೋಟೊಗಳನ್ನು ಆ ಪ್ರತಿಯಿಂದಲೇ ತೆರೆದು ನೋಡಿದೆ. ಅಮ್ಮನ ಹಾಡನ್ನು ಕೊನೆಯವರೆಗೂ ಕೇಳಿದೆ. ನಡುವೆ ಯಾರೋ ಕೆಮ್ಮುತ್ತಾರೆ, ಮಗುವೊಂದು ಅಳುತ್ತದೆ, ಅಮ್ಮ ಸಾಲು ಮರೆತು ನಕ್ಕು ಮತ್ತೆ ಎತ್ತಿಕೊಳ್ಳುತ್ತಾಳೆ. ಎಲ್ಲವೂ ಇತ್ತು.

ಬಳಿಕ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಬೀರುವಿನಲ್ಲಿಟ್ಟೆ. ಅಂಕಿ ತಪ್ಪಿದರೂ ಅದಕ್ಕೆ ಕೈ ತಗಲಬಾರದಲ್ಲ! ಆಮೇಲೆಯೇ ಅಂಗಡಿಯ ಹುಡುಗ ಹೇಳಿದ ಎರಡು ಆಜ್ಞೆಗಳನ್ನು ಕೊಟ್ಟದ್ದು. ನಿಜಕ್ಕೂ ಐದು ನಿಮಿಷವೂ ಬೇಕಾಗಲಿಲ್ಲ. ಡಿಸ್ಕ್ ಒಪ್ಪಿಕೊಂಡಿತು, ರಾತ್ರಿಯ ಊಟದ ಹೊತ್ತಿಗೆ ಹೊಸ ವಿಂಡೋಸ್ ಸಿದ್ಧವಾಗಿತ್ತು.

ಹಿಂದಿನವರು ಆಸ್ತಿಪತ್ರಗಳನ್ನು ಟ್ರಂಕಿನಲ್ಲಿಟ್ಟು, ನಕಲು ಪ್ರತಿಯನ್ನು ನಂಬಿಕಸ್ಥ ನೆಂಟರ ಮನೆಯಲ್ಲಿ ಇಡುತ್ತಿದ್ದರು. ನಾವು ಮದುವೆ, ಮಕ್ಕಳ ಬಾಲ್ಯ, ಅಗಲಿದವರ ಧ್ವನಿ ಎಲ್ಲವನ್ನೂ ತಿರುಗುವ ಒಂದೇ ತಟ್ಟೆಯ ಮೇಲೆ ಬರೆದು ನಿಶ್ಚಿಂತರಾಗಿದ್ದೇವೆ. ಆ ಭಾನುವಾರ ಅಡ್ಡಗಟ್ಟಿದ ದೋಷ ಸಂದೇಶಕ್ಕೆ ನಾನು ಕೃತಜ್ಞ. ಯಾವ ತಕರಾರೂ ಇಲ್ಲದೆ ಕೆಲಸ ಸಾಗಿದ್ದರೆ, ಆ ಹಾಡಿಗೆ ಇಂದಿಗೂ ಒಂದೇ ಪ್ರತಿ ಇರುತ್ತಿತ್ತು. ಮುಂದಿನ ವಾರ ಇನ್ನೊಂದು ಪ್ರತಿ ಮಾಡಿ ಶಿವಮೊಗ್ಗದಲ್ಲಿರುವ ತಂಗಿಗೆ ಕಳುಹಿಸಿದೆ. ಹಾಡು ಕೇಳಿ ಫೋನ್ ಮಾಡಿದವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ‘ಅಳುತ್ತಿರುವ ಮಗು ನಿನ್ನ ಮಗನೇ ಕಣೋ ಅಣ್ಣ’ ಎಂದಳು.